‘ಬಿಟ್ಟಿ’ ಯಾರದು? ರಂಪಿಗೆ, ಮಗ್ಗ, ಗಾಣದ ಮೇಲಿನ ತೆರಿಗೆಯ ಚರಿತ್ರೆ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ, ಕಸುಬು ಮಾಡೋ ಗೆಳೆಯರಿಗೂ ಓದಿ ಹೇಳಿ.

ಗ್ಯಾರಂಟಿ ವಿಷಯ ಬರಲಿ, ಮೀಸಲಾತಿ ವಿಷಯ ಬರಲಿ, ಕಾಮೆಂಟ್ ಬಾಕ್ಸಿನಲ್ಲಿ ಒಂದು ಮಾತು ತಪ್ಪದೆ ಬರುತ್ತೆ: “ನಾವು ಟ್ಯಾಕ್ಸ್ ಕಟ್ಟೋರು, ನೀವು ಬಿಟ್ಟಿ ಭಾಗ್ಯ ತಿನ್ನೋರು.” ಇದಕ್ಕೆ ಸಿಟ್ಟಿನಲ್ಲಿ ಉತ್ತರ ಕೊಡೋದು ಸುಲಭ. ನಾನು ಲೆಕ್ಕದಲ್ಲಿ ಕೊಡ್ತೀನಿ. ರಸ್ತೆ ಬದಿ ಕೂತು ಚಪ್ಪಲಿ ಹೊಲಿಯೋನು, ಮಗ್ಗ ನೇಯೋನು, ಕ್ಷೌರ ಮಾಡೋನು, ಬಟ್ಟೆ ಒಗೆಯೋನು, ಇವರೆಲ್ಲ ಈ ನಾಡಿನಲ್ಲಿ ಎಷ್ಟು ನೂರು ವರ್ಷದಿಂದ ತೆರಿಗೆ ಕಟ್ಟಿದ್ದಾರೆ, ತೆರಿಗೆಯಲ್ಲಿ ‘ಕಡಿತ’ ಅನ್ನೋದು ಯಾವಾಗ ಬಂತು, ಅದು ಯಾರ ಕೈಗೆ ಸಿಕ್ತು, ಯಾರ ಕೈಗೆ ಸಿಗಲಿಲ್ಲ ಅನ್ನೋ ಲೆಕ್ಕ.

ಮೊದಲು ಆ ‘ಬಿಟ್ಟಿ’ ಪದವನ್ನೇ ನೋಡೋಣ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ ಆಯ್ತು. ಅರ್ಥ ಏನು? ಕೂಲಿ ಇಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳೋ ದುಡಿಮೆ. ನಮ್ಮ ಶಾಸನಗಳಲ್ಲಿ ಬಿಟ್ಟಿ ಬರೋದು ತೆರಿಗೆಗಳ ಸಾಲಿನಲ್ಲಿ. ಅಂದ್ರೆ ಬಿಟ್ಟಿ ಅನ್ನೋದು ಬಡವನು ತಿಂದದ್ದಲ್ಲ, ಬಡವನು ಕೊಟ್ಟದ್ದು. ದುಡ್ಡಿಲ್ಲದವನು ಮೈಯಲ್ಲಿ ಕಟ್ಟಿದ ತೆರಿಗೆ. ಕೊಟ್ಟವನಿಗೇ ಇವತ್ತು ‘ಬಿಟ್ಟಿ ತಿನ್ನೋನು’ ಅನ್ನೋ ಹೆಸರು ಅಂಟಿದೆ. ಪದ ಹೇಗೆ ತಿರುವುಮುರುವಾಯ್ತು ನೋಡಿ.

ಇನ್ನು ದುಡ್ಡಿನ ತೆರಿಗೆ. ಹೊಯ್ಸಳರ ಕಾಲದ, ವಿಜಯನಗರದ ಕಾಲದ ಶಾಸನ ಓದಿದವರಿಗೆ ‘ಮಗ್ಗದೆರೆ’, ‘ಗಾಣದೆರೆ’ ಅನ್ನೋ ಮಾತು ಗೊತ್ತಿರುತ್ತೆ. ಮಗ್ಗ ಇಟ್ಟುಕೊಂಡರೆ ತೆರಿಗೆ, ಗಾಣ ಇಟ್ಟುಕೊಂಡರೆ ತೆರಿಗೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ತೆರಿಗೆ ನೇಕಾರನ ಲಾಭದ ಮೇಲಲ್ಲ, ಅವನ ಮಗ್ಗದ ಮೇಲೆ. ಆ ವರ್ಷ ನೂಲು ಸಿಕ್ತೋ ಇಲ್ವೋ, ಸೀರೆ ಮಾರಾಟ ಆಯ್ತೋ ಇಲ್ವೋ ಯಾರೂ ಕೇಳೋದಿಲ್ಲ. ಮನೆಯಲ್ಲಿ ಮಗ್ಗ ಇದೆಯಾ, ಕಟ್ಟು. ಸಲಕರಣೆ ಇದ್ದದ್ದೇ ತೆರಿಗೆಗೆ ಕಾರಣ.

ಹಾಗಾದ್ರೆ ವಿನಾಯಿತಿ ಇರಲಿಲ್ವಾ? ಇತ್ತು. ಅದು ಹೇಗೆ ಸಿಗ್ತಿತ್ತು ಅನ್ನೋದಕ್ಕೆ ಕನ್ನಡ ನಾಡಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 16ನೇ ಶತಮಾನ, ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿ. ಬಾದಾಮಿಯ ಕೊಂಡೋಜ ಅನ್ನೋ ಕ್ಷೌರಿಕನ ಕೆಲಸಕ್ಕೆ ಮೆಚ್ಚಿ ರಾಮರಾಯ ಕ್ಷೌರಿಕರ ಮೇಲಿನ ತೆರಿಗೆ, ಬಿಟ್ಟಿಗಳನ್ನ ಬಿಟ್ಟುಕೊಟ್ಟ. ಇದನ್ನ ಹೇಳೋ ಶಾಸನಗಳು ಕರ್ನಾಟಕದ ಹಲವು ಕಡೆ ಸಿಕ್ಕಿವೆ. ಒಬ್ಬ ಕ್ಷೌರಿಕನ ಹೆಸರು ಕಲ್ಲಿನ ಮೇಲೆ ಉಳಿದಿದೆ ಅನ್ನೋದು ಹೆಮ್ಮೆಯ ವಿಷಯ, ನಮ್ಮ ಸವಿತಾ ಸಮಾಜದ ಗೆಳೆಯರು ಇದನ್ನ ಮಕ್ಕಳಿಗೆ ಹೇಳಬೇಕು.

ಆದ್ರೆ ಇನ್ನೊಂದು ಕಡೆಯಿಂದಲೂ ನೋಡಿ. ತೆರಿಗೆ ಹೋದದ್ದು ಯಾಕೆ? ಕತ್ತಿ, ಸಾಣೆಕಲ್ಲಿಗೆ ಖರ್ಚಾಗುತ್ತೆ, ಇವನ ಆದಾಯ ಕಡಿಮೆ ಅಂತ ಅಲ್ಲ. ದೊಡ್ಡವರಿಗೆ ಮೆಚ್ಚುಗೆ ಆಯ್ತು, ಅದಕ್ಕೆ. ಕೊಂಡೋಜನಿಗೆ ರಾಮರಾಯನ ಗಡ್ಡ ಮುಟ್ಟೋ ಅವಕಾಶ ಇತ್ತು. ರಾಮರಾಯನ ಚಪ್ಪಲಿ ಹೊಲಿದವನಿಗೆ ಅರಮನೆಯ ಹೊಸ್ತಿಲೂ ಸಿಗ್ತಿರಲಿಲ್ಲ. ವಿನಾಯಿತಿ ಹಕ್ಕಾಗದೆ ಕೃಪೆಯಾಗಿದ್ದಾಗ, ಹತ್ತಿರ ಹೋಗೋಕೆ ಬಿಡೋ ಜಾತಿಗೆ ಅದು ಎಂದಾದರೂ ಒಂದು ದಿನ ಸಿಗಬಹುದು. ದೂರ ನಿಲ್ಲಿಸಿದ ಜಾತಿಗೆ ಎಂದೂ ಇಲ್ಲ.

ಊರ ಮಟ್ಟದಲ್ಲಿ ನಮ್ಮವರ ಲೆಕ್ಕ ಹೇಗಿತ್ತು? ಆಯಗಾರ ಪದ್ಧತಿ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಇಷ್ಟು ಧಾನ್ಯ. ಅದಕ್ಕೆ ಬದಲಾಗಿ ಮಾದಿಗರು ವರ್ಷವಿಡೀ ಚಪ್ಪಲಿ, ಮಿಣಿ, ಬಾರುಕೋಲು, ಕಪಿಲೆ ಬಾನಿ ಎಲ್ಲ ಮಾಡಿಕೊಡಬೇಕು. ಸತ್ತ ದನ ಹೊರಬೇಕು, ಚರ್ಮ ಸುಲೀಬೇಕು, ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯಲ್ಲಿ ಹದ ಮಾಡಬೇಕು. ಸುಣ್ಣ ತರೋ ಖರ್ಚು ಯಾರದು? ಚಕ್ಕೆ ಕಡಿದು ಹೊತ್ತು ತರೋ ದಿನದ ಕೂಲಿ ಯಾರದು? ರಂಪಿಗೆ ಸವೆದರೆ ಹೊಸದು ಯಾರ ದುಡ್ಡಲ್ಲಿ? ಕೊಡೋವಾಗ ಗೌಡ ಮೊರ ನೋಡ್ತಿದ್ದ, ರಂಪಿಗೆ ನೋಡ್ತಿರಲಿಲ್ಲ. ಕೊಟ್ಟ ಧಾನ್ಯವನ್ನ ‘ಆಯ’ ಅಂದರು, ಅದರೊಳಗಿನ ‘ವ್ಯಯ’ಕ್ಕೆ ಹೆಸರೇ ಇಡಲಿಲ್ಲ. ಇಡೀ ಜಾತಿ ಪದ್ಧತಿಯ ಅರ್ಥಶಾಸ್ತ್ರ ಇಷ್ಟೇ ಗೆಳೆಯರೇ. ನಿನ್ನ ಕಸುಬಿನ ಫಲ ಊರಿಗೆ, ನಿನ್ನ ಕಸುಬಿನ ಖರ್ಚು ನಿನಗೆ.

ಮುಂದೆ ಬಂದದ್ದು ‘ಮೊಹತರ್ಫಾ’. ಅರಬ್ಬಿ ಮೂಲದ ಪದ, ಕಸುಬುದಾರ ಅನ್ನೋ ಅರ್ಥದಿಂದ ಬಂದದ್ದು. ಕಸುಬಿನ ಮೇಲಿನ ತೆರಿಗೆ. ಮೈಸೂರು ಸಂಸ್ಥಾನದ ಕಂದಾಯದ ಲೆಕ್ಕದಲ್ಲೂ ಮೊಹತರ್ಫಾ ಇತ್ತು, ಮನೆ, ಅಂಗಡಿ, ಮಗ್ಗ, ಗಾಣದ ಮೇಲೆ. ಈಸ್ಟ್ ಇಂಡಿಯಾ ಕಂಪನಿ ಈ ಹಳೇ ತೆರಿಗೆಯನ್ನ ಹಾಗೇ ಎತ್ತಿಕೊಂಡಿತು. ಬಂಗಾಳದಲ್ಲಿ ಬೇಗ ಬಿಟ್ಟರು. ಮದ್ರಾಸ್ ಪ್ರಾಂತ್ಯದಲ್ಲಿ ಬಿಡಲಿಲ್ಲ. ನಮ್ಮ ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು ಅನ್ನೋದು ನೆನಪಿರಲಿ.

1852ರಲ್ಲಿ ಮದ್ರಾಸಿನಲ್ಲಿ ಶುರುವಾದ ಮದ್ರಾಸ್ ನೇಟಿವ್ ಅಸೋಸಿಯೇಷನ್ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಂದು ಅರ್ಜಿ ಕಳಿಸ್ತು. ಅದರಲ್ಲಿ ಮೊಹತರ್ಫಾದ ಬಗ್ಗೆ ದೂರಿತ್ತು. ನೇಕಾರರು, ಬಡಗಿಗಳು, ಲೋಹದ ಕೆಲಸದವರು, ರಸ್ತೆ ಬದಿ ಕೂತು ಮಾರೋರು, ಯಾರನ್ನೂ ಬಿಡ್ತಿಲ್ಲ. ಕೆಲವರಿಗೆ ಸಲಕರಣೆಯ ಮೇಲೆ ತೆರಿಗೆ, ಕೆಲವರಿಗೆ ಮಾರೋ ಅನುಮತಿಯ ಮೇಲೆ. ಎಷ್ಟೋ ಸಲ ಆ ಸಲಕರಣೆಯ ಬೆಲೆಯ ಆರು ಪಟ್ಟು ತೆರಿಗೆ ಆಗುತ್ತೆ ಅಂತ ಆ ಅರ್ಜಿ ಹೇಳುತ್ತೆ. ಒಂದು ರೂಪಾಯಿಯ ಉಳಿ, ಅದನ್ನ ಹಿಡಿಯೋಕೆ ಆರು ರೂಪಾಯಿ ತೆರಿಗೆ ಅಂದ ಹಾಗೆ.

ಈ ವಿಷಯ ನಮಗೆ ಗೊತ್ತಾಗೋದು ಯಾರಿಂದ ಗೊತ್ತಾ? ಬಾಬಾಸಾಹೇಬರಿಂದ. 1915ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪದವಿಗೆ ಅವರು ಬರೆದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ. ಅದರಲ್ಲಿ ಭೂಕಂದಾಯ, ಉಪ್ಪು, ಅಫೀಮಿನ ಜೊತೆಗೆ ಮೊಹತರ್ಫಾದ ಮಾತೂ ಇದೆ. 24 ವರ್ಷದ ಹುಡುಗ, ಅಮೆರಿಕದ ಲೈಬ್ರರಿಯಲ್ಲಿ ಕೂತು, ಕಸುಬುದಾರನ ಸಲಕರಣೆ ಮೇಲೆ ಎಷ್ಟು ತೆರಿಗೆ ಇತ್ತು ಅಂತ ಹುಡುಕಿ ದಾಖಲಿಸಿದ್ದಾರೆ. ಅಲ್ಲಿ ಅವರಿಗೆ ಗುರುವಾಗಿದ್ದವರು ಎಡ್ವಿನ್ ಸೆಲಿಗ್ಮನ್, ವರಮಾನ ತೆರಿಗೆಯ ಬಗ್ಗೆ ದೊಡ್ಡ ಗ್ರಂಥ ಬರೆದ ವಿದ್ವಾಂಸ. ನಾವು ಬಾಬಾಸಾಹೇಬರನ್ನ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಲ್ಲಿ ಮಾತ್ರ ನೋಡ್ತೀವಿ. ಅವರು ಮೊದಲು ಓದಿದ್ದು ತೆರಿಗೆಯ ಲೆಕ್ಕ.

ಸಲಕರಣೆ ಬಿಟ್ಟು ಆದಾಯವನ್ನ ನೋಡೋ ತೆರಿಗೆ ಇಂಡಿಯಾಕ್ಕೆ ಬಂದದ್ದು 1860ರಲ್ಲಿ. 1857ರ ದಂಗೆಯ ಖರ್ಚು ತುಂಬಿಸಿಕೊಳ್ಳೋಕೆ ಜೇಮ್ಸ್ ವಿಲ್ಸನ್ ತಂದದ್ದು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯ ಇದ್ದವರಿಗೆ ಇಲ್ಲ. 200ರಿಂದ 500ರವರೆಗೆ ಶೇ. 2, ಅದಕ್ಕಿಂತ ಮೇಲೆ ಶೇ. 4. ಐದು ವರ್ಷಕ್ಕೆ ಅದು ನಿಂತುಹೋಯ್ತು. ಆದ್ರೂ ಒಂದು ಹೊಸ ಮಾತು ಹುಟ್ಟಿಕೊಂಡಿತ್ತು: ಇಷ್ಟಕ್ಕಿಂತ ಕಡಿಮೆ ದುಡಿಯೋನ ಹತ್ರ ಕೇಳಬಾರದು.

ಆ ಮಾತು ಎಷ್ಟು ಬೇಗ ಮರೆತುಹೋಯ್ತು ಅಂತ ನೋಡಿ. 1876ರಿಂದ 78ರವರೆಗೆ ದಕ್ಷಿಣದಲ್ಲಿ ಮಹಾ ಬರ. ನಮ್ಮ ಅಜ್ಜಿಯರು ‘ಧಾತು ಬರ’ ಅಂತ ಹೇಳ್ತಿದ್ದದ್ದು. ಮೈಸೂರು ಸೀಮೆಯಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಬರ ಬಂದಾಗ ಮೊದಲು ಬೀಳೋನು ಕಸುಬುದಾರ. ಊಟಕ್ಕಿಲ್ಲದವನು ಚಪ್ಪಲಿ ಕೊಳ್ಳೋದಿಲ್ಲ, ಬಟ್ಟೆ ನೇಯಿಸೋದಿಲ್ಲ. ಇಂಥ ಹೊತ್ತಿನಲ್ಲಿ, 1878ರಲ್ಲಿ, ಮುಂದಿನ ಬರಗಳಿಗೆ ನಿಧಿ ಬೇಕು ಅಂತ ಹೇಳಿ ಬ್ರಿಟಿಷ್ ಸರ್ಕಾರ ಲೈಸೆನ್ಸ್ ತೆರಿಗೆ ತಂತು. ಅದು ಬಿದ್ದದ್ದು ವ್ಯಾಪಾರ, ಕಸುಬು ಮಾಡೋರ ಮೇಲೆ. ಸಂಬಳದ ಅಧಿಕಾರಿಗಳನ್ನ, ವಕೀಲಿಯಂಥ ವೃತ್ತಿ ಮಾಡೋರನ್ನ ಹೊರಗಿಟ್ಟರು. ಸೂರತ್‌ನಲ್ಲಿ ಇದರ ವಿರುದ್ಧ ದಂಗೆಯೇ ಆಯ್ತು. ಆ ಕಾಲಕ್ಕೆ ಸರ್ಕಾರಿ ಕುರ್ಚಿಯಲ್ಲಿ, ಕೋರ್ಟಿನ ಕರಿ ಕೋಟಿನಲ್ಲಿ ಯಾವ ಜಾತಿಗಳಿದ್ದವು ಅಂತ ನಾನು ಬಿಡಿಸಿ ಹೇಳಬೇಕಾ?

1886ರಲ್ಲಿ ಮತ್ತೆ ವರಮಾನ ತೆರಿಗೆ ಬಂತು, ಈ ಸಲ ಗಟ್ಟಿಯಾಗಿ. ಸಂಬಳದೋರೂ ಒಳಗೆ ಬಂದರು, 500 ರೂಪಾಯಿವರೆಗೆ ವಿನಾಯಿತಿ ಇತ್ತು. ಆದ್ರೆ ಕೃಷಿ ಆದಾಯವನ್ನ ಹೊರಗಿಟ್ಟರು. ಭೂಕಂದಾಯ ಕಟ್ತಾರಲ್ಲ ಅನ್ನೋದು ಕಾರಣ. ಸಣ್ಣ ರೈತನಿಗೆ ಇದು ಬೇಕಿತ್ತು, ಒಪ್ತೀನಿ. ಆದ್ರೆ ಇದರ ನೆರಳಲ್ಲಿ ಕೂತದ್ದು ಯಾರು? ನೂರಾರು ಎಕರೆಯ ಜಮೀನ್ದಾರನೂ ಅಲ್ಲೇ ಕೂತ. ಭೂಮಿ ಇದ್ದವನಿಗೆ ಒಂದು ದೊಡ್ಡ ಕೊಡೆ ಸಿಕ್ತು. ಭೂಮಿ ಮುಟ್ಟೋಕೂ ಬಿಡದೆ ಕಸುಬಿಗೆ ಕಟ್ಟಿಹಾಕಿದ ಜಾತಿಗಳಿಗೆ ಆ ಕೊಡೆ ಇಲ್ಲ.

1927ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಬಾಬಾಸಾಹೇಬರು ಬಜೆಟ್ ಮೇಲೆ ಮಾತಾಡ್ತಾ ಹಿಡಿದದ್ದು ಇದೇ ಎಳೆಯನ್ನ. ವರಮಾನ ತೆರಿಗೆಯಲ್ಲಿ ಆದಾಯ ಇಲ್ಲದ ವರ್ಷ ತೆರಿಗೆ ಇಲ್ಲ. ಭೂಕಂದಾಯದಲ್ಲಿ ಮಾತ್ರ ಬೆಳೆ ಬರಲಿ ಬಿಡಲಿ ಕಟ್ಟಲೇಬೇಕು. ಒಂದೆಕರೆ ಬಡವನಿಗೂ ದೊಡ್ಡ ಜಹಗೀರುದಾರ, ಇನಾಮುದಾರನಿಗೂ ಒಂದೇ ದರ. ಕೊಡೋ ಶಕ್ತಿ ನೋಡಿ ತೆರಿಗೆ ಹಾಕಬೇಕು ಅನ್ನೋ ತತ್ವ ಬಡವನ ಹತ್ರ ಬಂದಾಗ ಯಾಕೆ ನಿಂತುಹೋಗುತ್ತೆ ಅನ್ನೋದು ಅವರ ಪ್ರಶ್ನೆಯ ತಿರುಳು. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಆಗ ಬಾಂಬೆ ಪ್ರಾಂತ್ಯದಲ್ಲಿದ್ದವು, ಆ ಪ್ರಶ್ನೆ ನಮ್ಮ ಊರುಗಳದ್ದೂ ಆಗಿತ್ತು.

ಈ ನಡುವೆ ಚರಿತ್ರೆಯಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿತ್ತು. 1922ರ ವರಮಾನ ತೆರಿಗೆ ಕಾಯ್ದೆಯ 10ನೇ ಸೆಕ್ಷನ್. ವ್ಯಾಪಾರದ ಲಾಭ ಲೆಕ್ಕ ಹಾಕೋವಾಗ ಅಂಗಡಿ ಬಾಡಿಗೆ ಕಳೀಬೇಕು, ರಿಪೇರಿ ಖರ್ಚು ಕಳೀಬೇಕು, ಯಂತ್ರ ಸವೆಯುತ್ತಲ್ಲ, ಆ ಸವಕಳಿಯನ್ನೂ ಕಳೀಬೇಕು. ಉಳಿದದ್ದಕ್ಕೆ ಮಾತ್ರ ತೆರಿಗೆ. 1961ರ ಕಾಯ್ದೆಯಲ್ಲಿ ಇದು 30ರಿಂದ 37ರವರೆಗಿನ ಸೆಕ್ಷನ್‌ಗಳಾಗಿ ಇನ್ನಷ್ಟು ವಿಸ್ತಾರವಾಯ್ತು. ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚು ಅಂತ ತೋರಿಸಿದರೆ ಕಳೆದುಕೊಳ್ಳಬಹುದು.

ಇದರ ಅರ್ಥ ಎಷ್ಟು ದೊಡ್ಡದು ಯೋಚನೆ ಮಾಡಿ. ಮಗ್ಗದೆರೆ ಕಾಲದಿಂದ ಮೊಹತರ್ಫಾವರೆಗೆ ‘ನಿನ್ನ ಹತ್ರ ಸಲಕರಣೆ ಇದೆ, ಅದಕ್ಕೇ ಕಟ್ಟು’ ಅಂತಿದ್ದ ರಾಜ್ಯ, ಈಗ ‘ನಿನ್ನ ಸಲಕರಣೆ ಸವೆಯುತ್ತೆ, ಅದನ್ನ ಕಳೆದುಕೋ’ ಅಂತು. ತೆರಿಗೆಗೆ ಕಾರಣವಾಗಿದ್ದ ಉಳಿಯೇ ತೆರಿಗೆ ಇಳಿಸೋ ಕಾರಣ ಆಯ್ತು. ಆಯಗಾರನ ಕಾಲದಲ್ಲಿ ಹೆಸರೇ ಇಲ್ಲದ ಆ ‘ವ್ಯಯ’ಕ್ಕೆ ಕಾನೂನಿನಲ್ಲಿ ಹೆಸರು ಬಂತು. ಇದು ಯಾರ ಮೆಚ್ಚುಗೆಯೂ ಅಲ್ಲ, ಹಕ್ಕು.

ಆದ್ರೆ ಆ ಹಕ್ಕು ಪಡೆಯೋಕೆ ಒಂದು ಷರತ್ತಿತ್ತು: ಬರೆದು ತೋರಿಸು. ಬಿಲ್ ತೋರಿಸು, ಪುಸ್ತಕ ತೋರಿಸು.

ಇಲ್ಲೇ ನಮ್ಮ ಕಥೆ ಮತ್ತೆ ಜಾತಿಗೆ ಬಂದು ನಿಲ್ಲುತ್ತೆ. ಈ ನಾಡಿನಲ್ಲಿ ಲೆಕ್ಕ ಬರೆಯೋ ಕೈ ಯಾರದಾಗಿತ್ತು? ಊರಿನ ಲೆಕ್ಕ ಶಾನುಭೋಗನ ಮನೆಯ ವಂಶಪಾರಂಪರ್ಯ ಸ್ವತ್ತು. ಆ ವಂಶದ ಹುದ್ದೆಗಳು ಕಾನೂನಿನಲ್ಲಿ ರದ್ದಾದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ, ಅಂದ್ರೆ ನಮ್ಮ ಅಪ್ಪಂದಿರ ಕಾಲದಲ್ಲಿ. ಸಾವಿರ ವರ್ಷ ಅಕ್ಷರ ಮುಟ್ಟಬೇಡ ಅಂತ ದೂರ ಇಟ್ಟು, ಆಮೇಲೆ ‘ಬರೆದು ತೋರಿಸಿದರೆ ಕಡಿತ ಕೊಡ್ತೀವಿ’ ಅಂದರೆ ಅದು ಯಾರಿಗೆ ಸಿಗುತ್ತೆ?

ಅಕ್ಷರ ಕಲಿತರೂ ಸಾಲದು ಅನ್ನೋದಕ್ಕೆ ಬಾಬಾಸಾಹೇಬರ ಬದುಕೇ ಸಾಕ್ಷಿ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರು, ಬಾಂಬೆಯಲ್ಲಿ ಹೊಟ್ಟೆಪಾಡಿಗೆ ಷೇರು, ಹೂಡಿಕೆಯ ಸಲಹೆ ಕೊಡೋ ಸಣ್ಣ ಕಚೇರಿ ಶುರು ಮಾಡಿದ್ರು. ಸಲಹೆ ಕೊಡ್ತಿರೋನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತುಹೋಯ್ತು, ಕಚೇರಿ ಮುಚ್ಚಿತು. ಅವರೂ ಒಂದು ಕಾಲಕ್ಕೆ ಸ್ವಂತ ಕಸುಬಿನ ಮನುಷ್ಯ. ಆ ಅಂಗಡಿ ಜಾತಿಯಿಂದ ನಷ್ಟಕ್ಕೆ ಬಿತ್ತು. ಆ ನಷ್ಟವನ್ನ ಯಾವ ಸೆಕ್ಷನ್ ಅಡಿ ಕಳೆಯೋದು?

ಸ್ವಾತಂತ್ರ್ಯ ಬಂದ ಮೇಲಿನ ಕಥೆಗೆ ಬರ್ತೀನಿ. ಸಂವಿಧಾನದ 276ನೇ ವಿಧಿ ವೃತ್ತಿ, ಕಸುಬು, ವ್ಯಾಪಾರ, ಉದ್ಯೋಗಗಳ ಮೇಲೆ ತೆರಿಗೆ ಹಾಕೋ ಅಧಿಕಾರವನ್ನ ರಾಜ್ಯಗಳಿಗೆ ಕೊಟ್ಟಿದೆ, ಆದ್ರೆ ಒಂದು ಲಗಾಮು ಹಾಕಿದೆ. ಒಬ್ಬನಿಂದ ವರ್ಷಕ್ಕೆ 250 ರೂಪಾಯಿ ಮೀರಬಾರದು ಅಂತಿತ್ತು. 1988ರ ತಿದ್ದುಪಡಿಯಲ್ಲಿ 2,500 ಆಯ್ತು. ನಮ್ಮ ರಾಜ್ಯದ ವೃತ್ತಿ ತೆರಿಗೆ ಕಾಯ್ದೆ 1976ರದ್ದು. ಉಳಿಯ ಬೆಲೆಯ ಆರು ಪಟ್ಟು ಕಿತ್ತ ಕಾಲ ಇದರಿಂದ ಮುಗೀತು ಅನ್ನೋದು ನಿಜ. ಆದ್ರೆ ಈ ಲಗಾಮಿನಿಂದ ಕೋಟಿ ದುಡಿಯೋನೂ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ಕಟ್ಟಬೇಕಾಗಿಲ್ಲ ಅನ್ನೋದೂ ನಿಜ.

ವರಮಾನ ತೆರಿಗೆಯಲ್ಲೂ ಬಿಲ್ ಇಡೋಕೆ ಆಗದ ಸಣ್ಣವರಿಗೆ ಒಂದು ದಾರಿ ಮಾಡಿದ್ರು. 44ಎಡಿ ಅನ್ನೋ ಸೆಕ್ಷನ್. ಒಟ್ಟು ವಹಿವಾಟಿನ ಶೇ. 8 ಭಾಗವನ್ನ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ದುಡ್ಡಿಗೆ ಶೇ. 6 ಭಾಗವನ್ನ, ಲಾಭ ಅಂತ ಅಂದಾಜು ಮಾಡಿ ಅಷ್ಟಕ್ಕೇ ತೆರಿಗೆ ಲೆಕ್ಕ. ಪುಸ್ತಕ ಇಡಬೇಕಾಗಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಪಾಸಾಗಿದೆ, 2026ರ ಏಪ್ರಿಲ್ 1ರಿಂದ ಅದರದ್ದೇ ಲೆಕ್ಕ, ಸೆಕ್ಷನ್ ನಂಬರ್ ಬದಲು. ತತ್ವ ಇದೇ.

ಈಗ ಒಂದು ಲೆಕ್ಕ ಹಾಕೋಣ. ಒಬ್ಬ ಅಣ್ಣ ರಸ್ತೆ ಬದಿ ಚಪ್ಪಲಿ ಹೊಲೀತಾನೆ ಅಂತಿಟ್ಟುಕೊಳ್ಳಿ. ದಿನಕ್ಕೆ 800 ರೂಪಾಯಿ ವಹಿವಾಟು, ವರ್ಷಕ್ಕೆ 300 ದಿನ ಕೆಲಸ. ಒಟ್ಟು 2,40,000. ಇದರ ಶೇ. 8 ಅಂದ್ರೆ 19,200. ವರಮಾನ ತೆರಿಗೆ ಸೊನ್ನೆ. “ನೋಡಿದ್ರಾ, ಟ್ಯಾಕ್ಸ್ ಕಟ್ಟಲ್ಲ!” ಅನ್ನೋರು ಇಲ್ಲಿಗೇ ಲೆಕ್ಕ ನಿಲ್ಲಿಸ್ತಾರೆ.

ನಾವು ಮುಂದೆ ಹೋಗೋಣ. ಆ ಅಣ್ಣ ಮೊಳೆ, ಅಂಟು, ದಾರ, ಸೋಲು, ಪಾಲಿಶ್ ಅಂತ ವರ್ಷಕ್ಕೆ 60,000 ರೂಪಾಯಿ ಸಾಮಾನು ತರ್ತಾನೆ. ಕಬ್ಬಿಣದ ಮೊಳೆಯ ಮೇಲೆ ಜಿಎಸ್‌ಟಿ ಶೇ. 18. ಎಲ್ಲಕ್ಕೂ ಅದೇ ದರ ಅಂತ ಹಿಡಿದರೆ, ಆ 60,000ದ ಒಳಗೆ 9,150 ರೂಪಾಯಿ ಚಿಲ್ಲರೆ ತೆರಿಗೆ ಕೂತಿದೆ. ದೊಡ್ಡ ಶೂ ಕಂಪನಿ ಇದೇ ಮೊಳೆ, ಇದೇ ಅಂಟು ಕೊಂಡರೆ ಆ ತೆರಿಗೆಯನ್ನ ‘ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್’ ಅಂತ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತೆ. ನಮ್ಮ ಅಣ್ಣನಿಗೆ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ ಕಳೆಯೋಕೆ ಆಗಲ್ಲ. ಅವನಿಗೆ ಆ 9,150 ಪೂರ್ತಿ ಖರ್ಚು. ಇನ್ನು ಮನೆಗೆ ತರೋ ಸೋಪು, ಮೊಬೈಲ್ ರೀಚಾರ್ಜ್ ಮೇಲಿನ ತೆರಿಗೆ ಬೇರೆ.

ಈಗ ಹೇಳಿ, ತೆರಿಗೆ ಕಟ್ಟೋರು ಯಾರು? ಒಬ್ಬ ಕಟ್ಟಿ ವಾಪಸ್ ಕಳೆದುಕೊಳ್ತಾನೆ, ರಿಟರ್ನ್ ಫೈಲ್ ಮಾಡಿ ‘ಟ್ಯಾಕ್ಸ್ ಪೇಯರ್’ ಅನ್ನಿಸಿಕೊಳ್ತಾನೆ. ಇನ್ನೊಬ್ಬ ಕಟ್ಟಿದ್ದು ವಾಪಸ್ ಬರಲ್ಲ, ರಸೀದಿಯೂ ಇಲ್ಲ, ಅವನಿಗೆ ‘ಬಿಟ್ಟಿ’ ಅನ್ನೋ ಬಿರುದು. ಮೊಹತರ್ಫಾ ವಸೂಲಿಗೆ ಮನೆ ಬಾಗಿಲಿಗೆ ಒಬ್ಬ ಮನುಷ್ಯ ಬರ್ತಿದ್ದ, ಬೈಯೋಕಾದರೂ ಒಂದು ಮುಖ ಇತ್ತು. ಇದು ಮೊಳೆ ಪ್ಯಾಕೆಟ್ಟಿನ ಬೆಲೆಯೊಳಗೇ ಕೂತು ಬರುತ್ತೆ.

2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಲೆಕ್ಕ ತೆಗೆದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸ್ತು. ಬೇಕರಿ, ಟೀ ಅಂಗಡಿ, ತರಕಾರಿಯೋರು. ಬೆಂಗಳೂರಿನ ಅಂಗಡಿಗಳ ಮೇಲೆ ‘ಕ್ಯಾಶ್ ಮಾತ್ರ’ ಬೋರ್ಡ್ ಬಂತು. ಹಳೇ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯ್ತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದವರು ನೋಂದಣಿ ಮಾಡಿಸಬೇಕು ಅನ್ನೋದು ಕಾನೂನು, ಅದರಲ್ಲಿ ಜಗಳ ಇಲ್ಲ. ಆದ್ರೆ ಆ ಘಟನೆ ಒಂದು ಪಾಠ ಹೇಳುತ್ತೆ. ಸ್ಕ್ಯಾನರ್‌ಗೆ ಬಂದ ದುಡ್ಡು ಸರ್ಕಾರಕ್ಕೆ ಕಾಣುತ್ತೆ. ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಚೀಟಿ ಇಲ್ಲದೆ ನಗದು ಕೊಟ್ಟು ತಂದ ಸರಕು ಕಾಣಲ್ಲ. ಆಯ ಕಾಣುತ್ತೆ, ವ್ಯಯ ಕಾಣಲ್ಲ. ಗೌಡನ ಕಣದಲ್ಲಿ ನಡೆದದ್ದೇ ಕಂಪ್ಯೂಟರ್‌ನಲ್ಲೂ ನಡೀತು.

ಇದಕ್ಕೆಲ್ಲ ಪರಿಹಾರ ಅಂತ ಸರ್ಕಾರ ಏನು ಕೊಡುತ್ತೆ? 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ 15,000 ರೂಪಾಯಿ ಸಲಕರಣೆಗೆ, ಶೇ. 5ರ ಬಡ್ಡಿಗೆ ಸಾಲ. ಚಪ್ಪಲಿ ಹೊಲಿಯೋರು, ಕ್ಷೌರಿಕರು, ಮಡಿವಾಳರು ಎಲ್ಲ ಇದ್ದಾರೆ. ಬೇಡ ಅನ್ನಬೇಡಿ, ಅರ್ಜಿ ಹಾಕಿ, ತಗೊಳ್ಳಿ, ಅದು ನಮ್ಮ ದುಡ್ಡೇ. ಆದ್ರೆ ಫೋಟೋ ತೆಗೆಸಿಕೊಂಡು ಕೊಡೋ ಸಲಕರಣೆ ಪೆಟ್ಟಿಗೆ ಕೊಂಡೋಜನಿಗೆ ಸಿಕ್ಕ ಮೆಚ್ಚುಗೆಯ ಜಾತಿಗೆ ಸೇರಿದ್ದು. ಒಂದು ಕೈಯಲ್ಲಿ ಉಳಿ ದಾನ ಮಾಡಿ, ಇನ್ನೊಂದು ಕೈಯಲ್ಲಿ ಮೊಳೆಯ ಮೇಲೆ ಶೇ. 18 ತಗೊಂಡರೆ ಅದನ್ನ ಉಪಕಾರ ಅಂತ ಹೇಗೆ ಕರೆಯೋದು?

ನಾವು ಕೇಳಬೇಕಾದ್ದು ದಾನ ಅಲ್ಲ, ಕಡಿತ. ಸಣ್ಣ ಕಸುಬುದಾರ ಸಲಕರಣೆ, ಕಚ್ಚಾ ಸಾಮಾನಿನ ಮೇಲೆ ಕಟ್ಟೋ ಜಿಎಸ್‌ಟಿ ಅವನ ಖಾತೆಗೆ ವಾಪಸ್ ಬರಬೇಕು. ದೊಡ್ಡವರಿಗೆ ಕಂಪ್ಯೂಟರ್‌ನಲ್ಲಿ ಆಗೋದು ಇವನಿಗೆ ಯಾಕೆ ಆಗಲ್ಲ? ಎರಡನೇದು, ಕಸುಬುದಾರರು ಇರೋ ಕೇರಿಗಳಲ್ಲಿ ಲೆಕ್ಕ ಬರೆಯೋದನ್ನ ಕಲಿಸಬೇಕು. ಇಲಾಖೆ ನೋಟಿಸ್ ಕಳಿಸೋಕೆ ಕೇರಿಯ ವಿಳಾಸ ಹುಡುಕುತ್ತೆ, ಕಲಿಸೋಕೂ ಹುಡುಕಲಿ.

ಸರ್ಕಾರ ಮಾಡೋವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ.

ಒಂದು, ನೋಟ್‌ಬುಕ್ ಇಡಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಮೊಳೆ ತಂದರೂ ಚೀಟಿ ಕೇಳಿ, ಪುಸ್ತಕದೊಳಗೆ ಅಂಟಿಸಿ. ನಾಳೆ ನೋಟಿಸ್ ಬಂದರೆ ಮಾತಾಡೋದು ಆ ಚೀಟಿ.

ಎರಡು, ತೆರಿಗೆ ಬರದಿದ್ದರೂ ರಿಟರ್ನ್ ಫೈಲ್ ಮಾಡಿ. ಬ್ಯಾಂಕಿನಲ್ಲಿ ಸಾಲಕ್ಕೆ ಹೋದರೆ ಮೊದಲು ಕೇಳೋದೇ ಐಟಿಆರ್. ಇಲ್ಲೊಂದು ಎಚ್ಚರ. ಶೇ. 8 ಅನ್ನೋದು ಕನಿಷ್ಠ. ನಮ್ಮ ಕಸುಬಿನಲ್ಲಿ ಸಾಮಾನಿಗಿಂತ ಕೈಕೆಲಸ ಜಾಸ್ತಿ, ಹಾಗಾಗಿ ನಿಜವಾದ ಆದಾಯ ಶೇ. 8ಕ್ಕಿಂತ ಎಷ್ಟೋ ಮೇಲಿರುತ್ತೆ. ಮೇಲಿನ ಅಣ್ಣ 19,200 ಅಂತಲೇ ತೋರಿಸಿದರೆ ಬ್ಯಾಂಕಿನೋರು ‘ತಿಂಗಳಿಗೆ 1,600 ರೂಪಾಯಿಯೋನಿಗೆ ಸಾಲ ಯಾಕೆ’ ಅಂತಾರೆ. ನಿಜವಾಗಿ ಉಳಿದದ್ದನ್ನೇ ತೋರಿಸಬಹುದು, ಆಗಲೂ ಅವನಿಗೆ ತೆರಿಗೆ ಸೊನ್ನೆಯೇ. ಯಾರೋ ಏಜೆಂಟ್ ‘ಕಮ್ಮಿ ತೋರಿಸೋಣ’ ಅಂದ ಅಂತ ನಿಮ್ಮ ದುಡಿಮೆಯನ್ನ ನೀವೇ ಸಣ್ಣದು ಮಾಡಿಕೊಳ್ಳಬೇಡಿ.

ಮೂರು, ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಕಸುಬುದಾರರಿಗೂ ಉದ್ಯಮ್ ಅಸಿಸ್ಟ್ ಅನ್ನೋ ನೋಂದಣಿ 2023ರಿಂದ ಇದೆ. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ದುಡ್ಡು ಕೇಳೋ ದಲ್ಲಾಳಿ ಬಂದರೆ ಕಳಿಸಿ.

ನಾಲ್ಕು, ಓದಿದ ಹುಡುಗ ಹುಡುಗಿಯರಿಗೆ. ಬಿ.ಕಾಂ ಮಾಡಿದೋರು, ಟ್ಯಾಲಿ ಕಲಿತೋರು ನಮ್ಮ ಕೇರಿಗಳಲ್ಲೇ ಈಗ ಎಷ್ಟೋ ಜನ ಇದ್ದೀರಿ. ತಿಂಗಳಿಗೆ ಒಂದು ಭಾನುವಾರ ಅಂಬೇಡ್ಕರ್ ಭವನದಲ್ಲಿ ಮೇಜು ಹಾಕಿ ಕೂತುಕೊಳ್ಳಿ. ನಿಮ್ಮ ಅಕ್ಕ ಅಣ್ಣಂದಿರ ಲೆಕ್ಕ ಬರೆದುಕೊಡಿ, ಬರೆಯೋದು ಕಲಿಸಿ. ಜಯಂತಿಗೆ ಡಿಜೆ ಹಾಕೋ ದುಡ್ಡಿನಲ್ಲಿ ನೂರು ಲೆಕ್ಕದ ಪುಸ್ತಕ ಬರುತ್ತೆ. ಮೊಹತರ್ಫಾದ ಲೆಕ್ಕ ಹುಡುಕಿದ ಮನುಷ್ಯನಿಗೆ ಅದಕ್ಕಿಂತ ಒಳ್ಳೆ ಹಾರ ಯಾವುದಿದೆ?

ಇನ್ನು ಮೇಲೆ ಯಾರಾದ್ರೂ “ನಮ್ಮ ಟ್ಯಾಕ್ಸ್ ದುಡ್ಡು” ಅಂತ ಬಂದರೆ ಬೈಯಬೇಡಿ. ಒಂದು ಮೊಳೆ ಪ್ಯಾಕೆಟ್ಟಿನ ಬಿಲ್ ಹಾಕಿ, ಅದರ ಕೆಳಗಿನ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9 ಅನ್ನೋ ಎರಡು ಸಾಲಿಗೆ ಕೆಂಪು ಗೆರೆ ಎಳೆದು ಕಳಿಸಿ. ಸಾಕು.

ಜೈಭೀಮ್.